ಇಳಿಯುವ ವಿದ್ಯೆ

ದೇವತೆಗಳ ಕಾಲು ನೆಲಕ್ಕೆ ತಾಗುವುದಿಲ್ಲ ಎಂಬುದು ಹಿಂದೂಪುರದ ಹುಣಿಸೆ ವ್ಯಾಪಾರಿ ತೋಟಪ್ಪನಿಗೂ ಗೊತ್ತಿತ್ತು. ಅದನ್ನು ರಂಗದ ಮೇಲೆ ತೋರಿಸಬಹುದೆಂದು ಅವನನ್ನು ನಂಬಿಸಿದವರು ಕುಣಿತದ ಮೇಷ್ಟ್ರು ಶಂಕರಯ್ಯ. ಯುಗಾದಿಗೆ ಕಲ್ಯಾಣದುರ್ಗದಲ್ಲಿ ತೋಟಪ್ಪನ ಖರ್ಚಿನಲ್ಲಿ ದಮಯಂತಿ ಸ್ವಯಂವರದ ಆಟ. ನಳನ ವೇಷ ತೊಟ್ಟ ದೇವತೆಗಳು ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲೇ ನಿಲ್ಲಬೇಕು. ಹಿಮ್ಮಡಿ ಊರಿದವನೇ ನಿಜವಾದ ನಳ. ಬೆಂಗಳೂರಿನ ದಂಡಿನಲ್ಲಿ ಬಿಳಿಯ ಹುಡುಗಿಯರು ಹಾಗೆ ಕುಣಿದದ್ದನ್ನು ಶಂಕರಯ್ಯ ಡೇರೆಯ ತೂತಿನಿಂದ ಕಂಡಿದ್ದರು. ಟಿಕೆಟ್ಟು ಕೊಂಡು ನೋಡಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ತೋಟಪ್ಪನ ಖಾಲಿ ಗೋದಾಮಿನಲ್ಲಿ ದೇವತೆಗಳಾಗುವ ಹುಡುಗಿಯರಿಗೆ ಪಾಠ. ಸೂರಿನಿಂದ ಇಳಿಬಿಟ್ಟ, ಮೂಟೆ ಎತ್ತುವ ಹಗ್ಗ ಹಿಡಿದು ತುದಿಗಾಲಿಗೆ ಏಳಬೇಕು, ಅದಕ್ಕಿಂತ ನಿಧಾನವಾಗಿ ಇಳಿಯಬೇಕು.

“ಏಳೋದು ಕೋಳೀಗೂ ಬತ್ತೈತೆ. ಇಳಿಯೋದೇ ವಿದ್ಯೆ, ಕಣ್ರಮ್ಮ!”

ಶಂಕರಯ್ಯ ನೆಲಕ್ಕೆ ಬೂದಿ ಉದುರಿಸಿ ಅವರನ್ನು ನಡೆಸುತ್ತಿದ್ದರು. ಹಿಮ್ಮಡಿಯ ಗುರುತು ಬಿದ್ದವಳಿಗೆ, ಬೆರಳ ಮೇಲೆ ನಿಲ್ಲಲು ಆಟದಲ್ಲಿ ತೊಡುವ ಮರದ ತುದಿಯ ಜೋಡು ಇಲ್ಲ. ಎಲ್ಲರಿಗಿಂತ ಹಿಂದೆ ಬಿದ್ದವಳು ಬೀರಿ. ಆಗತಾನೇ ಹುಟ್ಟಿದ ಕರುವಿನ ಹಾಗೆ ಅವಳ ಕಾಲು ನಡುಗುತ್ತಿತ್ತು. ಕುಡುಗೋಲಿನಿಂದ ಹುಣಿಸೆ ಬೀಜ ಬಿಡಿಸುತ್ತ ಬಾಗಿಲಲ್ಲಿ ಕೂತ ಅವಳಜ್ಜಿ ಚೌಡಕ್ಕನಿಗೆ ಅದೊಂದು ಸಮಾಧಾನ: ಮೊಮ್ಮಗಳು ರಂಗ ಹತ್ತುವುದು ತಪ್ಪೀತು.

ಬಡಗಿ ಕಾಳಪ್ಪ ಜೋಡುಗಳನ್ನು ತಂದ ದಿನ, ಅಳತೆ ನೋಡಲೆಂದು ಒಂದು ಜೊತೆಯನ್ನು ಹತ್ತಿರ ನಿಂತಿದ್ದ ಬೀರಿಯ ಕಾಲಿಗೇ ಕಟ್ಟಿದರು. ಬೀರಿ ಎದ್ದು ನಿಂತಳು. ಹಗ್ಗ ಹಿಡಿಯಲಿಲ್ಲ, ನಡುಗಲಿಲ್ಲ.

“ಭಲೇ!” ಶಂಕರಯ್ಯನವರ ಕಣ್ಣ ಮುಂದೆ ಕಲ್ಯಾಣದುರ್ಗ ಚಪ್ಪಾಳೆ ತಟ್ಟಿತು. “ಸಾಕು, ಇನ್ನ ಇಳಿ.”

ಬೀರಿ ಇಳಿಯಲಿಲ್ಲ.

“ಅಯ್ನೋರೆ, ನೆಲ ಸಿಗ್ತಾ ಇಲ್ಲ,” ಎಂದಳು.

ನೆಲ ಅವಳ ಕಾಲಡಿಯಲ್ಲೇ ಇತ್ತು. ಮಿಕ್ಕ ಹುಡುಗಿಯರು ಗೋಡೆಗೆ ಒತ್ತಿಕೊಂಡರು. ಚೌಡಕ್ಕ ಕುಡುಗೋಲು ಹಿಡಿದೇ ಎದ್ದು ಬಂದಳು.

“ಕಾಳಪ್ಪ, ಯಾವ ಮರದ್ದಪ್ಪ ಇದು?”

“ಸೆಟ್ಟೂರು ದಾರಿ ಹುಣಿಸೇಮರ ಕಣಕ್ಕ. ಬಿದ್ದಿತ್ತು, ಬಿಟ್ಟಿ ಸಿಕ್ತು.”

“ನಿನ್ ಬಿಟ್ಟೀಗಿಷ್ಟು! ಆ ಮರಕ್ಕೇ ಕಣ್ಲಾ ನಮ್ಮೂರ ಸೊಸೆ ನೇಣಾಕ್ಕಂಡಿದ್ದು. ನೆಲಕ್ಕೂ ಕಾಲಿಗೂ ಒಂದೇ ಗೇಣು. ಬೆರಳು ಕೆಳಗ್ಮಾಡಿ ನೆಲ ಹುಡುಕ್ತಾ ಇದ್ದಂಗಿತ್ತು. ನಾನೇ ನೋಡೀನಿ.”

ಶಂಕರಯ್ಯ ಬೀರಿಯ ಕಾಲು ನೋಡಿದರು. ಡೇರೆಯ ತೂತಿನಿಂದ ಅದು ಹಾರುವ ಹಾಗೆ ಕಂಡಿತ್ತು. ಈಗ ನೇತಾಡುವ ಹಾಗೆ ಕಂಡಿತು.

ಚೌಡಕ್ಕ ಜೋಡಿನ ದಾರ ಕೊಯ್ದಳು. ಹಿಮ್ಮಡಿ ದೊಪ್ಪನೆ ನೆಲಕ್ಕೆ ಬಿತ್ತು. ಹುಡುಗಿ ನೀರು ಕೇಳಿದಳು. ಕಾಳಪ್ಪ ತಂದ ಜೋಡುಗಳೆಲ್ಲ ಒಲೆಗೆ ಹೋದವು.

“ಬೂದೀನ ಹರಿಯೋ ನೀರಿಗೆ ಬಿಡ್ರಿ ಅಯ್ನೋರೆ. ಮನ್ಯಾಗೆ ಇಟ್ಕಬ್ಯಾಡ್ರಿ,” ಎಂದು ಹೇಳಿ ಚೌಡಕ್ಕ ಮೊಮ್ಮಗಳನ್ನು ಕರೆದುಕೊಂಡು ಹೋದಳು.

ಆ ಬೇಸಿಗೆಯಲ್ಲಿ ಹರಿಯುವ ನೀರನ್ನು ಎಲ್ಲಿ ಹುಡುಕುವುದು? ಬೇರೆ ಮರದ ಜೋಡು ಮಾಡಿಸಿದರಾಯಿತು; ದೇವತೆಗಳು ಬೇಕೇ ಬೇಕು, ಪರೀಕ್ಷೆಗೆ ಬೂದಿಯೂ ಬೇಕು. ಈ ಬೂದಿಯಂತೂ ಜರಡಿ ಹಿಡಿದಷ್ಟು ನಯ. ಮರುದಿನ ಬೆಳಿಗ್ಗೆ ಹುಡುಗಿಯರು ಬರುವ ಮೊದಲೇ ಶಂಕರಯ್ಯ ಅದನ್ನೇ ಗೋದಾಮಿನ ಉದ್ದಕ್ಕೂ ಉದುರಿಸಿದರು. ಬರಿಗಾಲಲ್ಲಿ ಆ ತುದಿಯ ಗೋಡೆಯವರೆಗೆ ನಡೆದು, ಸರಿಯಾಗಿ ಹರಡಿದೆಯೇ ಎಂದು ತಿರುಗಿ ನೋಡಿದರು.

ಬೂದಿಯ ಮೇಲೆ ಬಾಗಿಲಿನಿಂದ ಅವರವರೆಗೆ ಬರೀ ಬೆರಳುಗಳ ಗುರುತು.

ಹಿಮ್ಮಡಿ ಊರಲು ನೋಡಿದರು. ಸಿಗಲಿಲ್ಲ.

ಬಾಗಿಲಲ್ಲಿ ಚೌಡಕ್ಕ ಇದ್ದಳು. ಬೀರಿ ಇನ್ನು ಬರುವುದಿಲ್ಲವೆಂದು ಹೇಳಲು ಬಂದವಳು ಬೂದಿ ನೋಡಿದಳು, ಆಮೇಲೆ ಮೇಷ್ಟ್ರ ಕಾಲು ನೋಡಿದಳು.

“ಇಳೀರಿ ಅಯ್ನೋರೆ. ಇಳಿಯೋದೇ ವಿದ್ಯೆ ಅಂತಿದ್ರಲ್ಲ.”

ಆಸರೆಗೆಂದು ಶಂಕರಯ್ಯನವರ ಕೈ ತಾನಾಗಿ ಮೇಲೆ ಹೋಯಿತು, ಸೂರಿನಿಂದ ಇಳಿಬಿಟ್ಟದ್ದರ ಕಡೆಗೆ.

ಚೌಡಕ್ಕ ಅಷ್ಟೂ ಬೂದಿಯನ್ನು ತುಳಿದುಕೊಂಡು ಓಡಿ ಬಂದಳು.

“ಹಗ್ಗ ಮಾತ್ರ ಮುಟ್ಬ್ಯಾಡ್ರಿ!”