ಹನ್ನೆರಡನೆಯ ಬಣ್ಣ

ಟ್ರಂಕಿನಿಂದ ತೆಗೆದ ಮೂರು ಅಂಗಿಗಳನ್ನು ಮಡಿಲಲ್ಲಿ ಹರವಿಕೊಂಡು ಚಂದ್ರಕಲಾ, ದಿನಾ ಸಂಜೆ ಮಾಡುತ್ತಿದ್ದ ಹಾಗೆಯೇ, ಯಾವುದಕ್ಕೆ ಯಾವ ಪ್ಯಾಂಟು ಹೊಂದುತ್ತದೆಂದು ನೋಡುತ್ತಿದ್ದಳು. ಹದಿನೆಂಟು ವರ್ಷದ ರೂಢಿ. ಇವತ್ತು ಪ್ಯಾಂಟು ಬೇಕಿಲ್ಲ, ಪಂಚೆ ಸಾಕು ಎಂಬುದು ನೆನಪಾಗಿ ಕೈ ಅಲ್ಲೇ ನಿಂತಿತು.

"ಯಾವ್ದಾರ ಒಂದು ಕೊಡು ಅತ್ತಿಗಿ. ಹೊರಗ ನೀರು ಕಾದಾವು," ಎಂದಳು ನಾದಿನಿ ಭುವನೇಶ್ವರಿ, ಬಾಗಿಲಲ್ಲಿ ನಿಂತು.

"ಯಾವ್ದಾರ ಅಂದ್ರ ಹೆಂಗ?"

ಹಸಿರನ್ನೂ ಕಂದು ಬಣ್ಣದ್ದನ್ನೂ ಪಕ್ಕಕ್ಕಿಟ್ಟು ಅವಳು ನೀಲಿ ಅಂಗಿಯನ್ನು ಎತ್ತಿಕೊಟ್ಟಳು. ನೀಲಿಯೊಂದು ಗಂಡನಿಗೆ ನೀಲಿಯಾಗಿಯೇ ಕಾಣುತ್ತಿತ್ತು. ಅದನ್ನು ಭುವನೇಶ್ವರಿಗೆ ಹೇಳುವ ಹಾಗಿರಲಿಲ್ಲ.

ಕುರೆಕುಪ್ಪದ ಟೈರ್ ಅಂಗಡಿಯ ಜಂಬುನಾಥ ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದ. ನಲವತ್ತಾರು ವರ್ಷ. ಈಗ ಅಂಗಳದ ಚಪ್ಪರದ ಕೆಳಗೆ ಮಲಗಿದ್ದ. ತಲೆಯ ಹತ್ತಿರ ಅವನ ತಾಯಿ ದುರುಗವ್ವ ರಾಗ ಎಳೆದು ಅಳುತ್ತಿದ್ದಳು.

"ನಿಮ್ಮಪ್ಪ ಮೂವತ್ತು ವರ್ಷ ಅದಿರಿನ ಲಾರಿ ಹೊಡದ್ನಲ್ಲೋ. ನೀ ಸ್ಟೇರಿಂಗ್ ಹಿಡ್ಯಾಕ ಅಂಜಿದ್ಯಲ್ಲೋ ನನ್ನಪ್ಪಾ. ಆ ಡಬ್ಬಿ ಮುಂದ ಕುಂತು ಜೀವಾ ಸವಸಿದ್ಯಲ್ಲೋ..."

ರಾಗ ಫಕ್ಕನೆ ನಿಂತಿತು. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, ಸಂತೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು. "ಮೂಕಣ್ಣ, ಆ ಡಬ್ಬೀನೂ ಇವನ ಜೊತಿ ಕುಣ್ಯಾಗ ಇಡ್ರಿ."

ಸತ್ತವರಿಗೆ ಪ್ರೀತಿಯದ್ದನ್ನು ಕುಣಿಯಲ್ಲಿಟ್ಟು ಮಣ್ಣು ಮುಚ್ಚುವುದು ಆ ಮನೆತನದ ಪದ್ಧತಿ. ಮಾವನ ಜೊತೆ ಬೀಡಿಕಟ್ಟೂ ಲಾರಿಯ ಹಳೇ ಹಾರ್ನೂ ಹೋಗಿದ್ದವು. ಕುಣಿ ತೆಗೆಸುವ ಹಿರಿಯ ಮೂಕಣ್ಣ ಟವೆಲನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಕಂಪ್ಯೂಟರ್ ಏನ್ ಬೇ ಕುಣ್ಯಾಗ? ಅಲ್ಲಿ ಕರೆಂಟ್ ಯಾರು ಕೊಡ್ತಾರ?"

ಗಂಡಸರ ಸಾಲಿನಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

"ಕರೆಂಟ್ ಬ್ಯಾಡ, ಬಲ್ಬೂ ಬ್ಯಾಡ. ಅವ್ನ ಕೂಡ ಹೋಗ್ಲಿ. ಅದು ಈ ಮನ್ಯಾಗಿದ್ರ ನನ್ಗ ಗಂಟಲಾಗ ಅನ್ನ ಇಳ್ಯಾಂಗಿಲ್ಲ."

"ಆತು ಬಿಡವ್ವ. ಮೂರಕ್ಕ ಎತ್ತೋದು. ಅಷ್ಟ್ರಾಗ ವೈರು ಬಿಚ್ಚಿ ಇಡ್ರಿ."

ಚಂದ್ರಕಲಾ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಆ ಡಬ್ಬಿಯಲ್ಲಿ ಅವಳವೂ ಐದು ವರ್ಷಗಳಿದ್ದವು. ಅದನ್ನು ಹೇಳಿ ಉಳಿಸಿಕೊಳ್ಳಬಹುದಿತ್ತು. ಆದರೆ ಅದನ್ನು ಹೇಳಿದರೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು.

*

ಮದುವೆಯಾದ ಹೊಸತರಲ್ಲಿ ಮೆಟ್ರಿಯ ಅವಳ ತವರಿನ ಹೊಲಕ್ಕೆ ಹೋದಾಗ ಜಂಬುನಾಥ ಹಣ್ಣು ಮೆಣಸಿನಕಾಯಿಯನ್ನೂ ಹಸಿಯದನ್ನೂ ಒಂದೇ ಬುಟ್ಟಿಗೆ ಬಿಡಿಸಿ ಹಾಕಿದ್ದ. ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಬದುವಿನ ಮೇಲೆ ಕೂತು, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ.

ಹೊಸಪೇಟೆಯಲ್ಲಿ ದೊಡ್ಡ ಗಾಡಿಯ ಲೈಸೆನ್ಸಿಗೆಂದು ಕಣ್ಣು ತೋರಿಸಲು ಹೋದಾಗ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗಿನ ಅಂಕಿ ಓದು ಎಂದಿದ್ದರು. ಅವನಿಗೆ ಚುಕ್ಕಿಗಳಷ್ಟೇ ಕಂಡವು. ಕೆಂಪು, ಹಸಿರು ಅವನ ಕಣ್ಣಿಗೆ ಬೇರೆಬೇರೆಯಾಗಿ ಬೀಳುತ್ತಿರಲಿಲ್ಲ. "ಇದು ತಾಯಿ ಕಡಿಂದ ಬರ್ತದಪ್ಪ. ನಿನ್ನ ತಂಗಿಗೆ ಗಂಡುಮಕ್ಕಳಾದ್ರ ಅವಕ್ಕೂ ಬರಬಹುದು," ಎಂದರಂತೆ ಡಾಕ್ಟರು. ಭುವನೇಶ್ವರಿಗೆ ಗಂಡು ನೋಡುತ್ತಿದ್ದ ವರ್ಷ ಅದು. ಮನೆಗೆ ಬಂದವನು, ಲಾರಿ ಓಡಿಸಲು ನನಗೆ ಅಂಜಿಕೆ ಎಂದುಬಿಟ್ಟ. ಅಪ್ಪ ಸಾಯುವವರೆಗೆ ಮುಖ ಕೊಟ್ಟು ಮಾತಾಡಲಿಲ್ಲ.

"ಅಂಜುಬುರಕ ಅಂದ್ರ ಅನ್ಲಿ ಬಿಡು. ಅವ್ವನ ರಕ್ತದಾಗ ಐಬು ಐತಿ ಅನ್ನಬಾರ್ದು," ಎಂದು ಹೇಳಿ ಚಂದ್ರಕಲಾಳಿಂದ ಆಣೆ ಹಾಕಿಸಿಕೊಂಡಿದ್ದ.

ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದಾಗ ಹೊಸಪೇಟೆಯಿಂದ ಒಂದು ಹಳೆಯ ಕಂಪ್ಯೂಟರ್ ಬಂತು. ಅದರಲ್ಲಿ ಲಾರಿ ಓಡಿಸುವ ಆಟ. ಕಂಪ್ಲಿಯ ತಿಪ್ಪೇಶ ಎಂಬವನು ಆ ಆಟದೊಳಗೆ ನಮ್ಮ ರಸ್ತೆಗಳನ್ನೇ ಕೂರಿಸಿದ್ದ. ತೋರಣಗಲ್ಲಿನ ಗೇಟು, ಸಂಡೂರು ಘಾಟಿನ ತಿರುವು, ಕಂಪ್ಲಿಯ ಸೇತುವೆ, ಎಲ್ಲ ಇತ್ತು. ಬೆಳಕು ಮಾತ್ರ ಬೇರೆ ದೇಶದ್ದು, ತೊಳೆದು ಒಣಹಾಕಿದಂಥದ್ದು.

"ದಾರಿ ನಮ್ದು, ಬಿಸ್ಲು ಮಂದೀದು," ಎಂದು ಜಂಬುನಾಥ ಒಂದು ವಾರ ಗೊಣಗಿದ. ಆಮೇಲೆ ಪ್ರಿಸೆಟ್ ಮಾಡುವುದನ್ನು ಕಲಿತ. ಆಟದ ಮೇಲೆ ಹೊದಿಸುವ ತೆಳು ಪರದೆಯಂಥದ್ದು ಅದು. ಕೆಂಪು ಎಷ್ಟು, ನೆರಳು ಎಷ್ಟು, ಮಂಜು ಎಷ್ಟು, ಒಂದೊಂದಕ್ಕೂ ಒಂದೊಂದು ಗೆರೆ, ಗೆರೆಯ ಮೇಲೊಂದು ಗುಂಡಿ. ಗುಂಡಿ ಜರುಗಿಸಿದ ಹಾಗೆ ಲೋಕ ಬದಲಾಗುತ್ತಿತ್ತು. ನೆರಳು ಮತ್ತು ಮಂಜಿನಲ್ಲಿ ಅವನ ಕೈ ಪಳಗಿತು. ಬಣ್ಣಕ್ಕೆ ಬಂದಾಗ ಅಡುಗೆಮನೆಯ ಕಡೆ ತಿರುಗುತ್ತಿದ್ದ.

"ಕಲಾ, ದಾರಿ ಯಾವ ಬಣ್ಣ ಐತಿ ನೋಡು."

"ಇಟ್ಟಂಗಿ."

"ಅದಿರಿನ ದಾರಿ ಹಂಗಿರ್ತದೇನು?"

"ಇಲ್ಲ. ಅದು... ತಡಿ."

ಹಿಟ್ಟಿನ ಕೈ ತೊಳೆದು, ಲಾರಿಗಳು ಓಡಾಡುವ ದಾರಿಗೆ ಹೋಗಿ, ಅಂಗೈ ತುಂಬ ಕೆಂಧೂಳು ತಂದು ಪರದೆಯ ಪಕ್ಕ ಹಿಡಿದಿದ್ದಳು. ಅವನು ಗುಂಡಿ ಜರುಗಿಸುತ್ತ ಹೋದ. ಅಂಗೈ ಎಲ್ಲಿ ಮುಗಿಯಿತು, ದಾರಿ ಎಲ್ಲಿ ಶುರುವಾಯಿತು ತಿಳಿಯದ ಒಂದು ಗಳಿಗೆ ಬಂತು. ತನ್ನ ಕೈಯೊಳಗಿಂದಲೇ ಲಾರಿಯೊಂದು ಹೊರಟು ಘಾಟು ಹತ್ತಿದಂತೆ ಅನಿಸಿ ಅವಳು "ಹಾಂ" ಎಂದಳು. ಅವನು ಕೈ ನಿಲ್ಲಿಸಿದ.

ಹಾಗೆ ಹನ್ನೊಂದು ಪ್ರಿಸೆಟ್ ಆದವು. ಸಂಡೂರಿನ ಸಂಜೆ, ಹಂಪಿಯ ಬಂಡೆಗಳ ಮಟಮಟ ಮಧ್ಯಾಹ್ನ, ಕಂಪ್ಲಿಯ ಗದ್ದೆಗಳ ಮಂಜು. ಅವನು ಇಂಟರ್ನೆಟ್ಟಿಗೆ ಹಾಕಿದ್ದನ್ನು ಯಾವ ಯಾವ ದೇಶದವರೋ ಇಳಿಸಿಕೊಂಡು, ಎಂಥಾ ಕಣ್ಣು ನಿಮ್ಮದು ಎಂದು ಬರೆಯುತ್ತಿದ್ದರು. ಅವನು ತಲೆ ತಗ್ಗಿಸಿ ಓದಿ ಹೇಳುತ್ತಿದ್ದ.

"ನಿನ್ನ ಹೆಸ್ರು ಹಾಕ್ಲೇನು?"

"ಬ್ಯಾಡ. ಬಣ್ಣ ಹೆಂಡ್ತಿ ಯಾಕ ಮಾಡ್ತಾಳ ಅಂತ ಯಾರಾರ ಕೇಳಿದ್ರ?"

ಆಗ ಬೇಡವೆನ್ನುವುದು ಸುಲಭವಿತ್ತು. ಬಣ್ಣ ಯಾರದೆಂದು ಗೊತ್ತಿದ್ದವನೊಬ್ಬ ಪಕ್ಕದಲ್ಲಿದ್ದ.

*

ಒಂದು ಗಂಟೆಯ ಹೊತ್ತಿಗೆ ಬೈಕು ನಿಲ್ಲಿಸಿ, ಹೂವಿನ ಹಾರ ಹಿಡಿದುಕೊಂಡು ಮೂವತ್ತರ ಆಸುಪಾಸಿನವನೊಬ್ಬ ಬಂದ. ಹಾರ ಹಾಕಿ, ಕಾಲು ಮುಟ್ಟಿ, ಅಲ್ಲೇ ಕುಕ್ಕರಿಸಿ ಅತ್ತ. ಆಮೇಲೆ ಪಕ್ಕದಲ್ಲಿ ಕುಳಿತಿದ್ದ ಚಂದ್ರಕಲಾಳ ಕಡೆ ತಿರುಗಿದ.

"ಅಕ್ಕಾರ, ನಾ ತಿಪ್ಪೇಶ. ಕಂಪ್ಲೀಂದ. ದಿನಾ ಫೋನಿನ್ಯಾಗ ಮಾತಾಡ್ತಿದ್ವಿ ನಾನೂ ಜಂಬಣ್ಣ."

ದುರುಗವ್ವ ಮುಖ ಎತ್ತಿದಳು. "ನೀನೇನಪಾ ಅವ್ಗ ಆ ಹಾಳ ಆಟ ಹಚ್ಚಿದಾಂವ?"

"ಆಟ ಅನಬ್ಯಾಡ್ರಿ ಅಜ್ಜಿ. ಜಂಬಣ್ಣನಂಥ ಕಣ್ಣು ಈ ಸೀಮ್ಯಾಗ ಯಾರಿಗೂ ಇಲ್ಲ. ಬಣ್ಣ ಅಂದ್ರ ಅವ್ನ ಕಡೆ ಕಲೀಬೇಕು."

"ಕಣ್ಣಿದ್ದು ಏನು ಬಂತು? ಎದಿ ಇರ್ಲಿಲ್ಲ ನನ್ನ ಮಗಗ."

ಚಂದ್ರಕಲಾಳ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಎದೆ ಇತ್ತು, ಕಣ್ಣೇ ಇರಲಿಲ್ಲ. ಅದೂ ನಿನ್ನಿಂದಲೇ ಬಂದದ್ದು. ಆ ಬಣ್ಣಗಳು ನನ್ನವು. ಮೂರೇ ಮಾತು, ಉಸಿರು ತೆಗೆದುಕೊಂಡಷ್ಟು ಹೊತ್ತು. ಕಂಪ್ಯೂಟರು ಉಳಿಯುತ್ತಿತ್ತು, ಅವಳೂ ಉಳಿಯುತ್ತಿದ್ದಳು. ಅಷ್ಟರಲ್ಲಿ ದುರುಗವ್ವ ಮಗನ ರೆಪ್ಪೆಯ ಮೇಲೆ ಕೂತ ನೊಣವನ್ನು ಓಡಿಸಿ, ಹೆಬ್ಬೆರಳಿನಿಂದ ಆ ರೆಪ್ಪೆಯನ್ನು ಮೆಲ್ಲಗೆ ಸವರಿದಳು. ಚಂದ್ರಕಲಾ ಹಾರದಿಂದ ಉದುರಿದ ಎಸಳುಗಳನ್ನು ಆಯತೊಡಗಿದಳು.

"ಅಕ್ಕಾರ," ತಿಪ್ಪೇಶ ದನಿ ತಗ್ಗಿಸಿದ. "ಹನ್ನೆರಡನೇದು ಮುಗಿಸೀನಿ, ಮನ್ಯಾಕಿ ಊರಿಂದ ಬಂದ ಮ್ಯಾಲ ತೋರ್ಸಿ ಕಳಸ್ತೀನಿ ಅಂದಿದ್ದ. ಡಬ್ಬಿ ಕುಣ್ಯಾಗ ಇಡ್ತಾರಂತ ಹೊರಗ ಅಂದ್ರು. ಅದ್ರೊಳಗ ಅದೊಂದು ತಕ್ಕೊಳ್ಲೇನ್ರಿ?"

ತಾಯಿಗೆ ಜ್ವರವೆಂದು ಅವಳು ಎಂಟು ದಿನ ಮೆಟ್ರಿಯಲ್ಲಿದ್ದು ಮೊನ್ನೆ ಸಂಜೆ ಬಂದಿದ್ದಳು. "ನೀ ಇರ್ಲಾರ್ದ ಒಂದು ನಾನಾ ಮಾಡೀನಿ. ನಾಳಿ ಉಂಡ ಮ್ಯಾಲ ತೋರಸ್ತೀನಿ," ಎಂದಿದ್ದ ಜಂಬುನಾಥ, ಮೀಸೆಯಲ್ಲೇ ನಗುತ್ತ. ಆ ಊಟ ಮುಗಿಯಲೇ ಇಲ್ಲ.

ಅವಳು ಎದ್ದು ಒಳಗಿನ ಕೋಣೆಯ ಕಂಪ್ಯೂಟರು ಹಚ್ಚಿದಳು. ತಿಪ್ಪೇಶ ಪೆನ್‌ಡ್ರೈವ್ ಚುಚ್ಚಿ, ಹನ್ನೆರಡನೆಯದನ್ನು ಹುಡುಕಿ ತೆರೆದ.

ಸಂಡೂರು ಘಾಟಿನ ಸಂಜೆ. ನೆರಳುಗಳು ನೆಲದ ಮೇಲೆ ಸರಿಯಾಗಿ ಮಲಗಿದ್ದವು. ದೂರದ ತಿರುವುಗಳನ್ನು ಮಂಜು ಬೇಕೋ ಬೇಡವೋ ಎನ್ನುವಂತೆ ಮುಟ್ಟಿತ್ತು. ಆದರೆ ಗುಡ್ಡ ಹಸಿರಾಗಿತ್ತು. ಅಗೆದ ಮಗ್ಗುಲುಗಳೂ ಹಸಿರು, ದಾರಿಯ ಧೂಳೂ ಹಸಿರು, ಲಾರಿಯಲ್ಲಿ ಗುಡ್ಡೆ ಹಾಕಿದ ಅದಿರೂ ಪಾಚಿಯಂತೆ ಹಸಿರು. ನೀರೊಳಗಿನ ಊರಿನಂತೆ ಎಲ್ಲ ಮೆಲ್ಲಗೆ ತೇಲುತ್ತಿತ್ತು.

ಚಂದ್ರಕಲಾಳಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು. ಎಂಟು ಸಂಜೆ ಒಬ್ಬನೇ ಕೂತು ಗುಂಡಿ ಜರುಗಿಸಿದ್ದಾನೆ. ಹಾಂ ಎನ್ನುವವರು ಇರಲಿಲ್ಲ. ಅವನ ಕಣ್ಣಿಗೆ ಇದೇ ಕೆಂಪು.

"ಅಯ್ಯೋ ಜಂಬಣ್ಣ!" ತಿಪ್ಪೇಶ ಕೂಗಿಬಿಟ್ಟ. "ಅಕ್ಕಾರ, ಗಣಿ ಆಗೋಕ್ಕಿಂತ ಮದ್ಲಿನ ಗುಡ್ಡ ಇದು! ಎಂಥಾ ತಲಿ ಓಡ್ಸ್ಯಾನ ನೋಡ್ರಿ!"

ಆ ಕೂಗಿಗೆ ದುರುಗವ್ವ ಮಗಳ ತೋಳು ಹಿಡಿದುಕೊಂಡು ಬಾಗಿಲಿಗೆ ಬಂದಳು. ಬಯ್ಯಲು ಬಂದವಳು ಬಯ್ಯಲಿಲ್ಲ. ಸಂಡೂರಿನ ಕಡೆಯವಳು ಅವಳು. ಹತ್ತಿರ ಬಂದು, ಕಣ್ಣು ಕಿರಿದಾಗಿಸಿ, ಪರದೆಯ ಮೇಲೆ ಬೆರಳಿಟ್ಟಳು.

"ಇದು ನಮ್ಮ ತೌರುಮನಿ ಗುಡ್ಡ. ನಾ ಲಂಗಾ ಉಡ್ತಿದ್ದಾಗ ಹಿಂಗಾ ಇತ್ತು. ಇವ್ಗ ಸಣ್ಣಾಂವಿದ್ದಾಗ ತೊಡಿ ಮ್ಯಾಲ ಹಾಕ್ಕೊಂಡು ಹೇಳ್ತಿದ್ದೆ..." ಬೆರಳು ಗುಡ್ಡದ ಅಂಚಿನ ಗುಂಟ ಹರಿಯಿತು. "ನೆನಪಿಟ್ಟಾನ ನೋಡವ್ವ. ಇಷ್ಟು ವರ್ಷ ನೆನಪಿಟ್ಟಾನ."

ಆಮೇಲೆ ಸೊಸೆಯ ಕಡೆ ತಿರುಗಿದಳು.

"ಕಲಾ, ಇದನ್ನ ಕುಣ್ಯಾಗ ಇಡಬ್ಯಾಡ್ರಿ."

"ಮತ್ತೇನು ಇಡಾಣು?" ಹೊರಗಿನಿಂದ ಮೂಕಣ್ಣ ಕೇಳಿದ.

"ಎಲಿ-ಅಡಿಕಿ ಇಡ್ರಿ. ಭಾಳ ತಿಂತಿದ್ದ."

ಮುದುಕಿ ಹೊರಹೋದ ಮೇಲೆ ತಿಪ್ಪೇಶ ಪರದೆಗೆ ಇನ್ನಷ್ಟು ಬಗ್ಗಿದ. "ಅಕ್ಕಾರ, ಲಾರ್ಯಾಗಿನ ಅದಿರೂ ಹಸ್ರಾಗೇದ. ಅದೊಂದು ಕೈತಪ್ಪಿರಬೇಕು. ಸರಿ ಮಾಡಿ ಹಾಕ್ಲೇನು?"

ಮೌಸು ಅವಳ ಕೈಯ ಹತ್ತಿರವೇ ಇತ್ತು. ಗೆರೆಯ ಮೇಲಿನ ಆ ಗುಂಡಿಯನ್ನು ಎಷ್ಟು ಸರಿಸಿದರೆ ಗುಡ್ಡ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಬ್ಯಾಡ. ಇದ್ದಂಗ ಹಾಕ್ರಿ."

"ಹೆಸ್ರು?"

"ಅವ್ರದಾ."

ಹನ್ನೆರಡರಲ್ಲಿ ಇದೊಂದೇ ಪೂರಾ ಅವನದು.

ತಿಪ್ಪೇಶ ತೋಳಿನಿಂದ ಕಣ್ಣು ಒರೆಸಿಕೊಂಡ. "ಮಳಿಗಾಲದ ಹಂಪಿ ಒಂದು ಮಾಡಬೇಕು ಅಂತಿದ್ದ. ಇನ್ನ ಯಾರ್ ಮಾಡ್ತಾರ ಬಿಡ್ರಿ." ಉತ್ತರಕ್ಕೆ ಕಾಯದೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ.

ಮೂರಕ್ಕೆ ಎತ್ತಿದರು. ಹಲಗೆಯ ಬಡಿತ ಶುರುವಾಯಿತು. ಹೆಂಗಸರ ಜೊತೆ ಚಂದ್ರಕಲಾ ಹೊಸ್ತಿಲಲ್ಲಿ ನಿಂತಳು. ಓಣಿಯ ತುದಿಯಲ್ಲಿ ಅದಿರಿನ ಲಾರಿಗಳು ಚಟ್ಟಕ್ಕೆ ದಾರಿ ಬಿಟ್ಟು ಸಾಲಾಗಿ ನಿಂತಿದ್ದವು. ನೆರಳಿನ ಗುಂಡಿ ತನಗೆ ಬರುವುದಿಲ್ಲ, ಅದನ್ನು ಕಲಿಯಬೇಕು ಎಂದುಕೊಂಡಳು. ಮಂಜಿನದೂ. ಮಳೆಗಾಲದ ಹಂಪಿಯ ಕೆಳಗೆ ಹೆಸರು ಬರೆಯುವ ಜಾಗದಲ್ಲಿ ಏನು ಬರೆಯಬೇಕೆಂದು ಹುಡುಕಬೇಕಾಗಿರಲಿಲ್ಲ. ಹುಟ್ಟಿದಾಗಲೇ ಇಟ್ಟದ್ದು ಒಂದಿತ್ತು.

"ಕಣ್ಣು ಒರಸ್ಕೋ ಅತ್ತಿಗಿ," ಎಂದಳು ಭುವನೇಶ್ವರಿ.

ಅವಳು ಒರೆಸಿಕೊಂಡಳು, ಎದುರಿನದು ಚೆನ್ನಾಗಿ ಕಾಣಲೆಂದು. ನಡೆಯುವವರ ಬರಿಗಾಲುಗಳಿಂದ ಧೂಳೆದ್ದಿತ್ತು. ನೆಲದ ಹತ್ತಿರ ಅದು ಒಣಗಿದ ದಾಳಿಂಬೆ ಸಿಪ್ಪೆಯಂತೆ, ಮೊಣಕಾಲಿನೆತ್ತರಕ್ಕೆ ತಾಮ್ರದಂತೆ, ಹೆಗಲು ಮುಟ್ಟುವಲ್ಲಿ ಬಿಸಿಲು ಒಳಹೊಕ್ಕು ಜೇನಿನಂತೆ. ಅದರ ಆಚೆ ಜನ ಒಬ್ಬೊಬ್ಬರಾಗಿ ಮಾಸುತ್ತ ಹೋದರು. ತಾಮ್ರ ಜೇನಾಗುವ ಆ ಒಂದು ಗೆರೆ ತಪ್ಪಿಹೋಗದ ಹಾಗೆ ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.