ಹಾಜರಿ ಮುಗಿಯುವವರೆಗೆ

“ಕತ್ತಿ ಕೆಳಗಿಡಲೇ ಬೋಸುಡಿಮಗನೆ. ಕೊರಮ ಕತ್ತಿ ಹಿಡ್ಕಂಡು ಜನದ ನಡುವೆ ನುಗ್ಗಾದು ಅಂದ್ರೇನ್ಲಾ?”

ಪೇದೆ ಲಾಠಿಯ ತುದಿಯಿಂದ ಮೊರಗಳ ಕಟ್ಟನ್ನು ತಿವಿದ. ಒಳಗೆಲ್ಲೋ ಒಂದು ಸೀಳು ಪಟ್ಟೆಂದು ಮುರಿದದ್ದು ಗುಂಡಯ್ಯನಿಗೆ ಕೇಳಿಸಿತು. ಪೇದೆಗೆ ಕೇಳಿಸಲಿಲ್ಲ.

“ಬಿದಿರು ಸೀಳೋ ಕತ್ತಿ ಸಾ. ಜನದ ಮುಂದೆ ಕುಂತು ಎಣೀಬೇಕು ಅಂತ ಕಮಿಟಿಯೋರೇ ಯೋಳವ್ರೆ. ಇದಿಲ್ದೆ ಎಂಗ್ ಸಾ ಸೀಳಾದು?”

“ಬಾಯಲ್ಲಿ ಹಲ್ಲಿಲ್ವಾ? ಕಚ್ಚಿ ಸೀಳು.”

ಚಪ್ಪರದ ಬಾಗಿಲಲ್ಲಿ ಎದೆಗೆ ಬಟ್ಟೆಯ ಹೂವು ಚುಚ್ಚಿಕೊಂಡು ನಿಂತಿದ್ದ ಸ್ವಯಂಸೇವಕರು ನಕ್ಕರು. ಗುಂಡಯ್ಯ ಹಿಂದಿರುಗಿ ನೋಡಿದ. ಅವನ ಅಪ್ಪ ಲಕ್ಕಯ್ಯ ತನ್ನ ಕತ್ತಿಯನ್ನು ಆಗಲೇ ನೆಲದ ಮೇಲಿಟ್ಟಿದ್ದ. ಹಿಡಿ ಪೇದೆಯ ಕಡೆಗೆ, ಅಲಗು ತನ್ನ ಕಡೆಗೆ. ಯಾರೂ ಹೇಳಿಕೊಡದೆ ಅಷ್ಟು ನೇರವಾಗಿ ಇಡಲು ಬರುವುದಿಲ್ಲ. ಗುಂಡಯ್ಯ ತನ್ನದನ್ನೂ ಪಕ್ಕದಲ್ಲಿಟ್ಟ. ಅವನ ಹೆಂಡತಿ ಸುಬ್ಬಮ್ಮ ಮಾತ್ರ ತಲೆಯ ಮೇಲಿನ ಬುಟ್ಟಿಗಳನ್ನು ಇಳಿಸದೆ, “ಒಳಗಾದ್ರೂ ಬುಡ್ತೀರಾ, ಇಲ್ಲೇ ಎಣಿಯಾನಾ?” ಎಂದಳು.

ಚನ್ನರಾಯಪಟ್ಟಣದ ಆ ಮೈದಾನದಲ್ಲಿ ಅಂದು ಜನಪದ ಗೀತೋತ್ಸವ. ಚಿಟ್ಟಿಮೇಳದವರು, ಕೋಲಾಟದವರು, ಸೋಬಾನೆ ಹೇಳುವ ಹೆಂಗಸರು ವೇದಿಕೆಯ ಮೇಲೆ. ಕಸುಬುದಾರರು ಬೇಲಿಯುದ್ದಕ್ಕೂ ತೆಂಗಿನ ಗರಿಯ ನೆರಳಿನಲ್ಲಿ. ಶಾಂತಿಗ್ರಾಮದ ಕುಂಬಾರ, ಅರಕಲಗೂಡಿನ ಕಂಬಳಿಯವನು, ಕೊನೆಯಲ್ಲಿ, ಉಚ್ಚೆ ಹೊಯ್ಯುವ ಮೂಲೆಯ ಪಕ್ಕ, ಇವರು. ಸಂಜೆ ಕಸುಬುದಾರರಿಗೆಲ್ಲ ಶಾಲು ಹೊದಿಸುತ್ತಾರೆಂದು ಬ್ಲಾಕ್ ಆಫೀಸಿನವರು ಊರಿಗೆ ಬಂದು ಹೇಳಿ ಹೋಗಿದ್ದರು.

ಅಪ್ಪನನ್ನು ಕರೆತರಲು ಗುಂಡಯ್ಯ ಎಂಟು ದಿನ ಗೋಗರೆದಿದ್ದ. ಹುಟ್ಟಿದ ಮಗುವನ್ನೂ ಸೇರಿಸಿ ಕಳ್ಳರೆಂದು ಸರ್ಕಾರವೇ ಕಾಯ್ದೆ ಮಾಡಿ ಬರೆದಿಟ್ಟುಕೊಂಡಿದ್ದ ಜಾತಿ ಅವರದು. ಹದಿನಾರು ತುಂಬಿದ ಗಂಡಸು ದಿನಾ ದೀಪ ಹಚ್ಚುವ ಹೊತ್ತಿಗೆ ಹಾಜರಿಗೆಂದು ಪಟೇಲರ ಚಾವಡಿಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ಎರಡೂ ಅಂಗೈ ನೆಲದ ಮೇಲೆ, ಕಾಣುವ ಹಾಗೆ. ಹೆಸರು ಕರೆದಾಗ “ಇವ್ನಿ ಬುದ್ದಿ” ಅನ್ನಬೇಕು. ಕೂಗುವುದು ಮುಗಿದ ಮೇಲೂ ಹಾಗೇ ಇರಬೇಕು. ಪಟೇಲರು ಎಲೆಯಡಿಕೆ ಉಗಿದು ಬಂದು, “ಏಳ್ರಲಾ ಕಳ್ ನನ್ಮಕ್ಳಾ, ತೊಲಗ್ರಲಾ” ಎಂದ ಮೇಲೆ ಏಳಬೇಕು. ಆ ಮಾತು ಬೀಳುವ ಮೊದಲು ಎದ್ದ ಒಬ್ಬನ ಕಾಲಿಗೆ ಏನಾಯಿತೆಂದು ಊರಿಗೆಲ್ಲ ಗೊತ್ತಿತ್ತು. ಲಕ್ಕಯ್ಯ ಹೀಗೆ ಕೂತದ್ದು ಮೂವತ್ತೊಂದು ವರ್ಷ. ಗುಂಡಯ್ಯ ಹನ್ನೆರಡು.

“ಕಾಯ್ದೆ ಓಗಿ ಆರು ವರ್ಸ ಆಯ್ತು ಕಣಪ್ಪಾ,” ಎಂದಿದ್ದ ಗುಂಡಯ್ಯ. “ಈಗ ನಮ್ಮನ್ನ ಯಾರೂ ಎಣಿಸಾಕಿಲ್ಲ. ನಿನ್ನೆಸ್ರ ಮೈಕಲ್ಲಿ ಕೂಗ್ತಾರೆ. ನೀನು ನಿಂತ್ಕಂಡು ಕೇಳುಸ್ಕಬೇಕು, ಅಷ್ಟೇಯ.”

“ನಿಂತ್ಕಂಡಾ?”

“ಊಂ. ನಿಂತ್ಕಂಡು.”

ಮುದುಕ ಬಹಳ ಹೊತ್ತು ಬಿದಿರು ಕೆರೆದು, “ಚೀಟಿ ಬೇಡ್ವಾ?” ಎಂದು ಕೇಳಿದ್ದ. ಪರವೂರಿಗೆ ಹೋಗಲು ಪಟೇಲರು ಬರೆದುಕೊಡುತ್ತಿದ್ದ ಚೀಟಿ. ಬೇಡವೆಂದು ಮಗ ಎಷ್ಟು ಹೇಳಿದರೂ ಕೊನೆಯ ವರ್ಷದ ಚೀಟಿಯನ್ನು ಸುತ್ತಿ ಬಿದಿರಿನ ಅಂಡೆಯ ಕೊಳವೆಗೆ ತೂರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟ.

ಉತ್ಸವದ ಅಧ್ಯಕ್ಷರು ಯಾರೆಂಬುದು ಗುಂಡಯ್ಯನಿಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಜರಿಯ ರುಮಾಲು ಸುತ್ತಿ ಕೂತಿದ್ದವರು ಅವರ ಊರಿನ ಪಟೇಲ್ ಪಂಚಾಕ್ಷರಯ್ಯನವರು.

ಕಮಿಟಿಯವರು ಹೇಳಿಸಿ ಒಂದು ಕತ್ತಿ ವಾಪಸು ಕೊಡಿಸಿದರು. ಲಕ್ಕಯ್ಯ ಕೆಲಸಕ್ಕೆ ಕೂತ. ಅಂಗೈಯಗಲದ ಬಿದಿರ ದಬ್ಬೆಯಿಂದ ಅವನು ಹದಿನಾರು ಸೀಳು ತೆಗೆಯುತ್ತಿದ್ದ. ಒಂದರ ಮೇಲೊಂದಿಟ್ಟು ನೋಡಿದರೆ ದಪ್ಪದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಜನ ಕೂಡಿದರು. ಯಾರೋ “ಆಹಾ” ಎಂದರು. ಮುದುಕನ ಬೆನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತಿರುವುದನ್ನು ಗುಂಡಯ್ಯ ಕದ್ದು ನೋಡಿದ. ಕದ್ದು ನೋಡಿದೆನಲ್ಲ ಎಂದು ಅದಕ್ಕೂ ನಾಚಿದ.

ಮಹಿಳಾ ಸಮಾಜದ ಕಮಲಾಕ್ಷಮ್ಮನವರು ಬಂದು ಎಂಟು ಮೊರ ಆರಿಸಿದರು. ಕೇರುವ ಪದ ಹಾಡುವಾಗ ಅವರ ಹೆಂಗಸರು ಕೈಯಲ್ಲಿ ಹಿಡಿಯಬೇಕಂತೆ. “ನೆಲದ ಮೇಲಿಡಪ್ಪಾ, ನಾವು ತಗೋತೀವಿ,” ಎಂದರು. ಇಟ್ಟ ಮೊರಗಳ ಮೇಲೆ ಚೊಂಬಿನಿಂದ ನೀರು ಚಿಮುಕಿಸಿ ಎತ್ತಿಕೊಂಡರು.

“ಹಸಿ ಮೊರದಲ್ಲಿ ಕೇರುದ್ರೆ ಅಕ್ಕಿ ಅಂಟ್ಕತದೆ ಕಣವ್ವ,” ಎಂದಳು ಸುಬ್ಬಮ್ಮ.

“ಅಕ್ಕಿ ಯಾರಮ್ಮ ಹಾಕ್ತಾರೆ? ಬರೀ ಆಡಿಸೋದು.”

ನಡುಮಧ್ಯಾಹ್ನ ಬೆಳ್ಳಿಯ ಪನ್ನೀರುದಾನಿ ಕಾಣೆಯಾಯಿತು. ಅತಿಥಿಗಳಿಗೆ ಚಿಮುಕಿಸಲು ಕಮಲಾಕ್ಷಮ್ಮನವರು ಮನೆಯಿಂದ ತಂದದ್ದು. ಪೇದೆ ಕುಂಬಾರನ ಮುಂದೆ ನಿಲ್ಲಲಿಲ್ಲ, ಕಂಬಳಿಯವನ ಮುಂದೆ ನಿಲ್ಲಲಿಲ್ಲ. ಬೇಲಿಯುದ್ದಕ್ಕೂ ನಡೆದು ನೇರವಾಗಿ ಕೊನೆಗೆ ಬಂದ.

“ಕುಂತ್ಕಳ್ರಲೇ.”

ಮಾತು ಮುಗಿಯುವ ಮೊದಲೇ ಲಕ್ಕಯ್ಯ ಕುಕ್ಕರಗಾಲಲ್ಲಿದ್ದ, ಅಂಗೈ ಮಣ್ಣಿನ ಮೇಲೆ. ಆಮೇಲೆ ಗುಂಡಯ್ಯ ತನ್ನ ಕೈಗಳನ್ನು ನೋಡಿದ. ಅವೂ ಮಣ್ಣಿನ ಮೇಲಿದ್ದವು. ಕೂರಬೇಕೆಂದು ಅವನು ಅಂದುಕೊಂಡಿರಲಿಲ್ಲ. ಮೊಣಕಾಲು ಅವನನ್ನು ಕೇಳಿರಲಿಲ್ಲ.

“ಏ ಎಂಗ್ಸೆ, ನೀನು?”

“ನಮ್ಮೂರಲ್ಲಿ ಎಂಗಸ್ರನ್ನ ಎಣಿಸ್ತಿರ್ನಿಲ್ಲ ಸಾಮಿ. ಇವತ್ತಿಂದ ಸುರು ಮಾಡೀರಾ?” ಎಂದು ಸುಬ್ಬಮ್ಮ ನಿಂತೇ ಇದ್ದಳು.

ಪೇದೆ ಬುಟ್ಟಿಗಳನ್ನು ಕವುಚಿದ. ಮೊರಗಳನ್ನು ಬೂಟಿನಲ್ಲಿ ಸರಿಸಿದ. ಲಕ್ಕಯ್ಯನ ಸೊಂಟದ ಅಂಡೆಯನ್ನು ಕಿತ್ತು ಬೋರಲು ಹಾಕಿದಾಗ ಹಳೆಯ ಚೀಟಿ ಉದುರಿತು. ಅದನ್ನು ಓದಿ, “ಓಹೋ, ಲೈಸೆನ್ಸು ಮಡಗವ್ನೆ” ಎಂದು ಸುತ್ತ ನೋಡಿದ. ಮೊರ ಹೆಣೆಯುವುದನ್ನು ನೋಡುತ್ತಿದ್ದ ಜನವೇ ಈಗ ಇದನ್ನೂ ನೋಡುತ್ತಿತ್ತು. ಆಗಲೇ ಸ್ವಯಂಸೇವಕನೊಬ್ಬ ಓಡಿ ಬಂದ. “ಸಿಕ್ತು ಸಿಕ್ತು. ತುಳ್ದಾರು ಅಂತ ನಾನೇ ಹಾರ್ಮೋನಿಯಂ ಪೆಟ್ಟಿಗೇಲಿ ಇಟ್ಟಿದ್ದೆ, ಮರ್ತೇಹೋಗಿತ್ತು.”

ಪೇದೆ ನಕ್ಕ. “ಸರಿ, ನಿಮ್ಮ ಕೆಲ್ಸ ನೋಡ್ಕಳಿ,” ಎಂದು ಹೊರಟುಹೋದ.

ಗುಂಡಯ್ಯ ಎದ್ದ. ಅಪ್ಪ ಏಳಲಿಲ್ಲ.

“ಏಳಪ್ಪಾ. ಓದ ಅವ್ನು.”

ಮುದುಕನ ಕಣ್ಣು ನೆಲದಲ್ಲೇ. ಗುಂಡಯ್ಯ ತೋಳು ಹಿಡಿದೆತ್ತಿದ, ಮೈ ಕಲ್ಲಿನಂತೆ ಬಿಗಿದಿತ್ತು. ಜನ ಇನ್ನೂ ಚದುರಿರಲಿಲ್ಲ. ಕಂಬಳಿಯವನು ಕತ್ತು ಚಾಚಿ, “ಏನಾಯ್ತಯ್ಯಾ, ನಿಮ್ಮಪ್ಪಂಗೆ ವಾಯುವಾ?” ಎಂದ. ಗುಂಡಯ್ಯನ ಕಿವಿ ಕಾದ ಹೆಂಚಿನಂತಾಯಿತು. ಈ ಜನದ ಕಣ್ಣಿನಿಂದ ಹೇಗಾದರೂ ತಪ್ಪಿಸಿಕೊಂಡರೆ ಸಾಕಾಗಿತ್ತು. ಅವನು ಬಗ್ಗಿ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು, ಮೆಲ್ಲಗೆ ಹೇಳಿದ.

“ಏಳ್ರಲಾ ಕಳ್ ನನ್ಮಕ್ಳಾ, ತೊಲಗ್ರಲಾ.”

ಲಕ್ಕಯ್ಯ ತಟ್ಟನೆ ಎದ್ದ. ಅಂಗೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ಏನೂ ಆಗದವನಂತೆ, ಬಿಟ್ಟ ಸೀಳನ್ನು ಕೈಗೆತ್ತಿಕೊಂಡ.

ಗುಂಡಯ್ಯ ನೆಟ್ಟಗಾದಾಗ ಸುಬ್ಬಮ್ಮ ಎದುರಿಗೇ ಇದ್ದಳು. ಅವಳಿಗೆ ಕೇಳಿಸಿತ್ತು. ಒಂದು ಗಳಿಗೆ ಗಂಡನ ಬಾಯನ್ನೇ ನೋಡಿ, ತುಳಿದ ಮೊರಗಳನ್ನು ಆರಿಸಲು ಬಗ್ಗಿದಳು. ಆಮೇಲೆ ಅವನು ಎರಡು ಸಲ ನೀರು ಕುಡಿದ, ಮೂರು ಸಲ ಉಗಿದ. ಆದರೂ ಬಾಯಿ ತೊಳೆದಂತಾಗಲಿಲ್ಲ. “ಊರಿಗೋಗಾನ ನಡಿಯಪ್ಪಾ” ಎಂದು ಕೊನೆಗೆ ಅಂದ. ಮುದುಕ, “ಯೆಸ್ರು ಕೂಗ್ತಾರೆ ಅಂದ್ಯಲ್ಲಾ” ಎಂದ.

ಇಳಿಬಿಸಿಲಿನಲ್ಲಿ ಶಾಲು ಹೊದಿಸುವುದು ಶುರುವಾಯಿತು. ಪಟ್ಟಿಯನ್ನು ಸ್ವತಃ ಪಂಚಾಕ್ಷರಯ್ಯನವರೇ ಓದಿದರು. ಕುಂಬಾರ ವೇದಿಕೆ ಹತ್ತಿ, ಶಾಲು ಹೊದ್ದು ಇಳಿದ. ಕಂಬಳಿಯವನು ಇಳಿದ. ಪ್ರತಿಯೊಬ್ಬರಿಗೂ ಪಟೇಲರು ಒಂದೊಂದು ಹಗುರ ಮಾತು ಸೇರಿಸುತ್ತಿದ್ದರು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ಅವರು ಪಟ್ಟಿಯ ಮುಂದಿನ ಸಾಲಿಗೆ ಬಂದರು. ಈ ಹೆಸರನ್ನು ಅವರು ಎಷ್ಟು ಸಾವಿರ ಸಲ ಕೂಗಿದ್ದರೆಂದರೆ, ದನಿ ತಾನಾಗಿಯೇ ಹಳೆಯ ಜಾಡಿಗೆ ಬಿತ್ತು. ಮೊದಲು ಎಳೆದು, ಕೊನೆಗೆ ಕತ್ತರಿಸಿ:

“ಲಕ್ಕಯ್ಯಾ... ಬಿನ್ ಕೆಂಚ.”

ನಾಲ್ಕು ದಿಕ್ಕಿನಲ್ಲಿ ಕಟ್ಟಿದ್ದ ಮೈಕಿನ ನಾಲ್ಕು ಹಾರ್ನುಗಳೂ ಅದನ್ನೇ ಕೂಗಿದವು.

ಲಕ್ಕಯ್ಯ ನಡೆದು ಹೋದ. ವೇದಿಕೆಗೆ ಮೂರು ಮಾರು ದೂರವಿದ್ದಂತೆ ನಿಂತ. ನಿಂತ ಆ ಒಂದು ಗಳಿಗೆ ಗುಂಡಯ್ಯ ಬೇಲಿಯಿಂದ ಒಂದು ಹೆಜ್ಜೆ ಮುಂದೆ ಬಂದ. ಮುದುಕ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯನ್ನು ನೆಲಕ್ಕಿಟ್ಟ.

“ಇವ್ನಿ ಬುದ್ದಿ.”

ಜನ ಗೊಳ್ಳೆಂದರು. “ಮುದ್ಕ ಏರಿಸ್ಕಂಡವ್ನೆ” ಎಂದನೊಬ್ಬ. ಕಮಲಾಕ್ಷಮ್ಮನವರು ಪಕ್ಕದವರಿಗೆ, “ಹಾಗನ್ನಬೇಡಿ, ಪಾಪ. ವೇದಿಕೆಗೆ ನಮಸ್ಕಾರ ಮಾಡ್ತಾ ಇದಾನೆ. ನಮ್ಮ ಹಳ್ಳಿ ಜನದ ಭಕ್ತಿ ಅಂದ್ರೆ ಇದು,” ಎಂದು ಚಪ್ಪಾಳೆ ತಟ್ಟಿದರು. ಮುಂದಿನ ಕುರ್ಚಿಗಳವರೂ ತಟ್ಟಿದರು.

ಪಟೇಲರು ಮಾತ್ರ ತಟ್ಟಲಿಲ್ಲ. ಅದು ಏನೆಂದು ಅವರಿಗೆ ಗೊತ್ತಿತ್ತು. “ಮೇಲೆ ಬಾರಯ್ಯ ಲಕ್ಕಯ್ಯ,” ಎಂದರು. ಮುದುಕ ಅಲುಗಲಿಲ್ಲ. “ಏಳಯ್ಯ, ಎದ್ದು ಬಾ.” ಅಲುಗಲಿಲ್ಲ. ಅವರು ಪೇದೆಗೆ ಕಣ್ಣಿನಲ್ಲೇ, ಎತ್ತಿ ಆಚೆ ಒಯ್ಯೆಂದರು.

ಸುಬ್ಬಮ್ಮ ಸೆರಗು ಬಿಗಿದು ಹೊರಟಳು. ಗುಂಡಯ್ಯ ಅವಳ ಭುಜ ಮುಟ್ಟಿದ. “ನಾನೋಯ್ತೀನಿ,” ಎಂದ.

“ಇನ್ನೊಂದ್ಸಲ ಅದ್ನ ಅಂದ್ಯೋ,” ಎಂದಳು, “ನಾನು ನಿನ್ ಮನೇಲಿರಾಕಿಲ್ಲ.”

ಗುಂಡಯ್ಯ ಅಪ್ಪನ ಪಕ್ಕದಲ್ಲೇ ಹಾದು ಹೋದ. ಬಗ್ಗಲಿಲ್ಲ. ಒಂದೇ ಒಂದು ಪಿಸುಮಾತಿನಲ್ಲಿ ಅಪ್ಪನನ್ನು ಎಬ್ಬಿಸಿ, ಕೈಹಿಡಿದು, ಬಸ್ಸು ಹತ್ತಿಸಬಹುದಿತ್ತು. ಹಾಗೆ ಮಾಡದೆ ವೇದಿಕೆಯ ಮೆಟ್ಟಿಲು ಹತ್ತಿದ. ಮೊಣಕಾಲು ಎಂದಿನಂತೆ ಮಡಿಚಲು ನೋಡಿತು. ಮೈಕಿನ ಕಂಬ ಹಿಡಿದುಕೊಂಡ.

“ಯಾರಲೇ ನೀನು, ಇಳಿ ಕೆಳಕ್ಕೆ,” ಎಂದರು ಯಾರೋ ಹಿಂದಿನಿಂದ.

“ಗುಂಡಯ್ಯ ಬಿನ್ ಲಕ್ಕಯ್ಯ,” ಎಂದ ಗುಂಡಯ್ಯ. ತನ್ನ ದನಿ ಮೈದಾನದಾಚೆಯ ಕೆರೆಯ ಏರಿಯವರೆಗೆ ಹೋಗಿ ಮರಳಿದ್ದು ಕೇಳಿ ಅವನಿಗೇ ಗಾಬರಿಯಾಯಿತು. “ನಮ್ಮಪ್ಪ ಕುಡಿದಿಲ್ಲ. ಕೈಯೂ ಮುಗೀತಿಲ್ಲ. ಆಜರಿಗೆ ಕುಂತವ್ರೆ. ಮೂವತ್ತೊಂದು ವರ್ಸ ಇಂಗೇ ಕುಂತವ್ರೆ.”

ಗುಂಡಯ್ಯ ಮೈಕಿನ ಕತ್ತನ್ನು ಪಟೇಲರ ಬಾಯಿಯ ಕಡೆಗೆ ತಿರುಗಿಸಿದ.

“ಏಳು ಅಂದ್ರೆ ಏಳಾಕಿಲ್ಲ ಅವ್ರು. ಬುದ್ದಿಯೋರು ದಿನಾ ಕಡೇಲಿ ಒಂದ್ಮಾತು ಅಂತಿದ್ರಲ್ಲ, ಅದ್ನ ಅನ್ನಿ. ಎದ್ದೋಯ್ತಾರೆ. ಮದ್ಯಾನ ನಾನೇ ಅಂದೆ, ಎತ್ತ ಅಪ್ಪಂಗೇಯ. ಇನ್ನು ನನ್ನ ಬಾಯಲ್ಲಿ ಬರಾಕಿಲ್ಲ.”

ಪಟೇಲರು ಮುಂದೆ ಬಾಗಿ, ಇವನಿಗಷ್ಟೇ ಕೇಳುವ ಹಾಗೆ, “ಬ್ಯಾಡ ಕಣೋ ಗುಂಡ. ಮನೆ ತಾವ ಬಾ, ಮಾತಾಡಾನ,” ಎಂದರು. ನಾಲ್ಕು ಹಾರ್ನುಗಳೂ ಅದನ್ನು ಕೂಗಿ ಹೇಳಿದವು.

“ಅನ್ನಿ ಬುದ್ದಿ. ಎಲ್ರೂ ಕೇಳ್ಲಿ.”

ಅವರು ಅನ್ನಲಿಲ್ಲ. ಮಡಿಸಿದ ಶಾಲು ಅವರ ತೋಳಿನ ಮೇಲಿತ್ತು. ಪೇದೆ ಮುದುಕನ ಹತ್ತಿರ ಬಂದವನು ಮುಟ್ಟದೆ ನಿಂತುಬಿಟ್ಟಿದ್ದ. ಪಂಚಾಕ್ಷರಯ್ಯನವರ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು, ಹಾರ್ನುಗಳಲ್ಲಿ ಇಡೀ ಮೈದಾನಕ್ಕೆ ಕೇಳುತ್ತಿತ್ತು. ಕೆಳಗೆ ಲಕ್ಕಯ್ಯ ಅಂಗೈಗಳನ್ನು ನೆಲಕ್ಕೊತ್ತಿ, ತಲೆ ತಗ್ಗಿಸಿ, ಕಾಯುತ್ತಿದ್ದ.