ಮುಳ್ಳಿನ ಗಿಡದ ಮೊದಲ ಹಣ್ಣು

ನಮ್ಮ ತೋಟದ ಕಿತ್ತಳೆ ಮರಗಳು ಒಂದೊಂದಾಗಿ ಹಳದಿಯಾಗ್ತಿದ್ದ ಕಾಲ ಅದು. ನಿಮ್ಮಲ್ಲೂ ಆಗಿರಬಹುದು. ಎಲೆ ಬಣ್ಣಗೆಡುತ್ತೆ, ಹಣ್ಣು ಅರ್ಧ ಹಸಿರಿರುವಾಗಲೇ ಉದುರುತ್ತೆ, ಬಾಯಿಗಿಟ್ಟರೆ ಕಹಿ. ಸಣ್ಣ ಹುಳ ಹರಡುವ ರೋಗವಂತೆ, ಹಿಡಿದ ಮರಕ್ಕೆ ಮದ್ದಿಲ್ಲವಂತೆ.

ನನ್ನ ಗಂಡನ ಅಣ್ಣ, ನಮ್ಮ ಭಾವ, ಕೈಕಟ್ಟಿ ಕೂರೋ ಆಸಾಮಿಯಲ್ಲ. ಬೇಲಿಯಲ್ಲಿ ಕಿತ್ತಳೆ ಜಾತಿಯದೇ ಒಂದು ಹುಳಿ ಗಿಡವಿತ್ತು, ಅದಕ್ಕೆ ಮಾತ್ರ ರೋಗ ತಾಗಿರಲಿಲ್ಲ. ಅದರ ಹೂವಿನ ಪುಡಿಯನ್ನ ಕುಂಚದಲ್ಲಿ ತೆಗೆದು ನಮ್ಮ ಕಿತ್ತಳೆ ಹೂವಿಗೆ ಮುಟ್ಟಿಸಿದರು. ಕಾಯಿ ಹಣ್ಣಾದಾಗ ಬೀಜ ಹಾಕಿದರು. ಎದ್ದ ಸಸಿಗಳೆಲ್ಲ ತಾಯಿಯ ಥರಾನೇ ಇದ್ದವು, ಒಂದರ ಎಲೆ ಮಾತ್ರ ಬೇರೆ. ಅದನ್ನ ಅಂಗಳದಲ್ಲಿ ನೆಟ್ಟರು. "ಸಿಹಿ ನಮ್ಮ ಕಿತ್ತಳೆದು, ಗಟ್ಟಿತನ ಬೇಲಿ ಗಿಡದ್ದು ಬಂತೋ, ನಾವು ಗೆದ್ದೆವು ಕಣಮ್ಮ," ಅಂದರು ನನಗೆ.

ಗಿಡ ಎದ್ದಿತು, ಮೈತುಂಬಾ ಮುಳ್ಳು. ಭಾವ ದಿನಾ ಅದರ ಬುಡದಲ್ಲೇ ಕೂತು ಚಹಾ ಕುಡಿಯೋರು, ತೋಳೆಲ್ಲ ಗೀರು. ಅವರ ಹೆಂಡತಿಗೆ, ನಮ್ಮ ಅಕ್ಕನಿಗೆ, ಅದನ್ನ ನೋಡಿ ಸಂಕಟ ಆಗೋದು. ವರ್ಷಾ ವರ್ಷಾ ಕತ್ತರಿ ತಂದು ತುದಿಯೆಲ್ಲ ಸವರಿ, ಮಗುವಿನ ತಲೆ ಬಾಚಿದ ಹಾಗೆ ಒಪ್ಪ ಮಾಡೋಳು.

"ಮುಂದಿನ ವರ್ಷ ಹೂ ಬಿಡುತ್ತೆ ನೋಡ್ತಿರು," ಅಂತಿದ್ದರು ಭಾವ.

"ನಿಮ್ಮ ಮುಂದಿನ ವರ್ಷಕ್ಕೆ ಮುಪ್ಪೇ ಇಲ್ಲ ಬಿಡಿ," ಅಂತ ಅಕ್ಕ ರೇಗಿಸೋಳು.

ಎಷ್ಟು ಮುಂದಿನ ವರ್ಷಗಳು ಬಂದು ಹೋದವೋ. ಹೂ ಬರಲಿಲ್ಲ. ಒಂದು ಬೆಳಿಗ್ಗೆ ಭಾವನೇ ತೀರಿಹೋದರು.

ಆಮೇಲೆ ಅಕ್ಕ ಕತ್ತರಿ ಮುಟ್ಟಲಿಲ್ಲ. ಗಿಡ ಸೂರು ದಾಟಿ ಬೆಳೀತು. ಹಣ್ಣಿನ ಸಂಶೋಧನಾ ಕೇಂದ್ರದ ಮೇಡಂ ನಮ್ಮ ಕಾಯಿಲೆ ಮರಗಳನ್ನ ನೋಡೋಕೆ ಬಂದವರು ಇದರ ಮುಂದೆ ನಿಂತುಬಿಟ್ಟರು.

"ಇದರ ತುದಿಯಿಂದ ಒಂದೆರಡು ಕಡ್ಡಿ ಕೊಡ್ತೀರಾ ಅಕ್ಕ?"

ಅಕ್ಕ ಸಿಡಿದಳು. "ನಮ್ಮವರು ಕಾದ ಗಿಡ ಇದು. ಚಾಕು ಗೀಕು ತಂದೀರಿ, ಹುಷಾರ್!"

"ತಾಳಕ್ಕ, ಅವರ ಮಾತಾದರೂ ಕೇಳು," ಅಂದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ಬೀಜದಿಂದ ಎದ್ದ ಕಿತ್ತಳೆ ಗಿಡ ಹೂ ಬಿಡೋಕೆ ಎಷ್ಟೋ ವರ್ಷ ಬೇಕು. ಮುಳ್ಳು ಜಾಸ್ತಿ ಇದೆ ಅಂದರೆ ಎಳೆತನ ಕಳೆದಿಲ್ಲ ಅಂತ. ಮೇಲೇರಿದ ತುದಿಯೇ ಮೊದಲು ಹೂ ಬಿಡೋದು. ಆ ತುದಿಯ ಚಿಗುರೊಡೆಯೋ ಕಣ್ಣನ್ನ ರೋಗವಿಲ್ಲದ, ಬೆಳೆದ ಮರಕ್ಕೆ ಕಸಿ ಮಾಡಿದರೆ ಹಣ್ಣು ಬೇಗ ನೋಡಬಹುದು. ತುದಿ ಕತ್ತರಿಸ್ತಾ ಇದ್ದರೆ ಹೂ ಬರೋದು ಇನ್ನೂ ತಡವಾಗುತ್ತೆ."

ಅಕ್ಕ ಕತ್ತೆತ್ತಿ ಗಿಡದ ತುದಿ ನೋಡಿದಳು.

"ನಾನೇ ಕತ್ತರಿಸಿದ್ದು," ಅಂದಳು. "ವರ್ಷಾ ವರ್ಷಾ ನಾನೇ. ಅವರಿಗೆ ಮುಳ್ಳು ಚುಚ್ಚುತ್ತೆ ಅಂತ."

"ಯಾರೂ ನಿಮಗೆ ಹೇಳಿರಲಿಲ್ಲವಲ್ಲ ಅಕ್ಕ," ಅಂತ ಮೇಡಂ ಅವಳ ಕೈ ಹಿಡಿದರು. ಅದರಿಂದೇನು ಸಮಾಧಾನ ಆಗುತ್ತೆ ಹೇಳಿ? ಭಾವ ಹೋದ ದಿನವೂ ಅಕ್ಕ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಏಣಿ ಹಾಕಿ, ತಾನೇ ಹತ್ತಿ, ತುದಿಯ ಕಡ್ಡಿ ಕೊಯ್ದು ಕೊಟ್ಟಳು.

ಕೇಂದ್ರದವರು ಕಡ್ಡಿಗೆ ರೋಗ ಇದೆಯಾ ಅಂತ ಮೊದಲು ನೋಡಿ, ಹುಳ ನುಗ್ಗದ ಬಲೆಮನೆಯೊಳಗಿನ ಮರಕ್ಕೆ ಕಸಿ ಕಟ್ಟಿದರು. ಮೂರನೇ ವರ್ಷ ಹಣ್ಣು ಬಂತು, ಮೇಡಂ ಅದನ್ನ ನಮ್ಮ ಮನೆಗೇ ತಂದರು. ಅಕ್ಕ ಸುಲಿದು ಒಂದು ತೊಳೆ ಬಾಯಿಗಿಟ್ಟುಕೊಂಡಳು, ನನಗೊಂದು ಕೊಟ್ಟಳು. ಅಯ್ಯೋ ದೇವರೇ! ಹುಳಿ, ಒಗರು, ಬೀಜವೋ ಬೀಜ. ನಗು ಬಂತು. ಅಕ್ಕನೂ ನಕ್ಕಳು, ನಗ್ತಾ ನಗ್ತಾ ಕಣ್ಣು ತುಂಬಿಕೊಂಡಳು.

"ಅವರು ಇದ್ದಾಗಲೇ ಇದು ಗೊತ್ತಾಗಿದ್ದರೆ, ಬೈಕೊಂಡು ಇನ್ನೊಂದು ಬೀಜ ಹಾಕ್ತಿದ್ದರು ಕಣೇ. ಅವರಿಗೆ ಆ ಇನ್ನೊಂದು ಅವಕಾಶ ಸಿಗಲೇ ಇಲ್ಲ."

ಮೇಡಂ ಹೇಳಿದರು: "ಹೊಸ ತಳಿ ಮಾಡೋದರಲ್ಲಿ ಸೋಲೇ ಹೆಚ್ಚು ಅಕ್ಕ. ಬೇಗ ಸೋತರೆ ಮತ್ತೆ ಶುರು ಮಾಡೋಕೆ ಆಯಸ್ಸು ಉಳಿಯುತ್ತೆ. ನಿಮ್ಮ ಗಿಡದ ಎಲೆ ಇನ್ನೂ ಹಳದಿಯಾಗಿಲ್ಲ, ಗಟ್ಟಿತನ ಬಂದಿರಬಹುದು. ಇದನ್ನ ಮತ್ತೆ ಸಿಹಿ ಕಿತ್ತಳೆಗೆ ಕೂಡಿಸೋಣ. ಸಸಿ ಬೆರಳುದ್ದ ಇರುವಾಗಲೇ ಎಲೆ ಪರೀಕ್ಷೆ ಮಾಡಿದರೆ ಬೇಡದ ಎಷ್ಟೋ ಸಸಿ ಆಗಲೇ ಗೊತ್ತಾಗುತ್ತೆ. ರುಚಿಗೆ ಮಾತ್ರ ಹಣ್ಣನ್ನೇ ಕಾಯಬೇಕು."

ಅಕ್ಕ ಒಳಗೆ ಹೋಗಿ ಭಾವನ ಕುಂಚ ತಂದಳು. "ಯಾವ ಹೂವಿಗೆ ಮುಟ್ಟಿಸಬೇಕು, ತೋರಿಸಿ," ಅಂದಳು.

ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಬೀಜದಿಂದ ಎದ್ದ ಮುಳ್ಳಿನ ಕಿತ್ತಳೆ ಗಿಡ ಇದ್ದರೆ ಅದರ ತುದಿ ಕತ್ತರಿಸಬೇಡಿ. ತೋಟವೆಲ್ಲ ಹಳದಿಯಾದರೂ ಒಂದು ಮರ ಹಸಿರಾಗಿ ನಿಂತಿದ್ದರೆ ಕಡಿಯಬೇಡಿ, ಹತ್ತಿರದ ಕೇಂದ್ರಕ್ಕೆ ತಿಳಿಸಿ. ರೋಗದ ತೋಟದ ಕಡ್ಡಿಯನ್ನ ಪರೀಕ್ಷೆ ಆಗದೆ ಎಲ್ಲಿಗೂ ಒಯ್ಯಬೇಡಿ. ಮುಂದಿನ ವರ್ಷ ನೋಡೋಣ ಅನ್ನಬೇಡಿ. ಆ ಗಿಡ ನೆಟ್ಟವರು ಇನ್ನೂ ನಿಮ್ಮ ಜೊತೆ ಕೂತು ಚಹಾ ಕುಡೀತಿರುವಾಗಲೇ ಕೇಂದ್ರಕ್ಕೆ ಹೋಗಿ.